ಗೆರೆಯ ಮೇಲೆ ಆರು, ಕೆಳಗೆ ಎರಡು

ನಂಜನಗೂಡಿನಲ್ಲಿ ನನ್ನನ್ನು ಎಲ್ಲರೂ ಆಡಿಟರ್ ಮೇಡಂ ಅನ್ನುತ್ತಾರೆ. ನಾನು ಆಡಿಟರ್ ಅಲ್ಲ. ಮೈಸೂರಿನ ಒಬ್ಬ ಆಡಿಟರರ ಕಚೇರಿಯಲ್ಲಿ ಹದಿನೈದು ವರ್ಷ ಲೆಕ್ಕ ಬರೆದು, ಅವರ ಬೈಗುಳ ಸಾಕಾಗಿ, ಇಲ್ಲಿ ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ವಂತ ಬೋರ್ಡು ಹಾಕಿಕೊಂಡವಳು. ಮೊದಮೊದಲು ಹಾಗೆ ಕರೆದವರನ್ನೆಲ್ಲ ತಿದ್ದುತ್ತಿದ್ದೆ, ಈಗ ಬಿಟ್ಟಿದ್ದೇನೆ. ಆದರೆ ಒಂದು ಮಾತಿಗೆ ಮಾತ್ರ ಇವತ್ತಿಗೂ ರೇಗುತ್ತದೆ. ಯಾರಾದರೂ ಕಂಪನಿಯ ಬ್ಯಾಲೆನ್ಸ್ ಶೀಟನ್ನು ಮೇಜಿನ ಮೇಲೆ ಹಾಕಿ, ಜ್ವರ ನೋಡಿಸಿಕೊಳ್ಳಲು ಬಂದವರ ಹಾಗೆ ಕೂತು, "ನಮ್ಮ ಗೇರಿಂಗ್ ಎಷ್ಟು ಬತ್ತದೆ ಹೇಳಿ ಮೇಡಂ" ಎಂದಾಗ. "ಯಾವ ಲೆಕ್ಕದಲ್ಲಿ ಬೇಕು?" ಎಂದು ನಾನು ಕೇಳುತ್ತೇನೆ. ಅವರು ಕಣ್ಣುಕಣ್ಣು ಬಿಡುತ್ತಾರೆ.

ಗೇರಿಂಗ್ ಅಂದರೆ ಮಹಾ ವಿದ್ಯೆಯೇನಲ್ಲ. ಒಂದು ಕಂಪನಿ ಎಷ್ಟು ಸಾಲದ ದುಡ್ಡಿನಲ್ಲಿ, ಎಷ್ಟು ಸ್ವಂತ ದುಡ್ಡಿನಲ್ಲಿ ನಡೆಯುತ್ತಿದೆ ಎಂದು ಹೇಳುವ ಒಂದು ಸಂಖ್ಯೆ. ಸಾಲವನ್ನು ಸ್ವಂತ ಬಂಡವಾಳದಿಂದ ಭಾಗಿಸಿದರೆ ಒಂದು ಉತ್ತರ. ಸಾಲ, ಬಂಡವಾಳ ಎರಡನ್ನೂ ಕೂಡಿಸಿ, ಅದರಲ್ಲಿ ಸಾಲ ನೂರಕ್ಕೆಷ್ಟು ಎಂದು ನೋಡಿದರೆ ಇನ್ನೊಂದು. ದಿನದ ವ್ಯವಹಾರಕ್ಕೆ ತೆಗೆಯುವ ಓವರ್‌ಡ್ರಾಫ್ಟನ್ನು ಸಾಲ ಎಂದು ಹಿಡಿಯಬಹುದು, ಬಿಡಬಹುದು. ಖಾತೆಯಲ್ಲಿರುವ ನಗದನ್ನು ಸಾಲದಲ್ಲಿ ಕಳೆಯಬಹುದು, ಕಳೆಯದೆ ಇರಬಹುದು. ಒಬ್ಬ ಮನುಷ್ಯನನ್ನು ಚಪ್ಪಲಿ ಸಮೇತ ತೂಗುವುದೋ ಚಪ್ಪಲಿ ಬಿಡಿಸಿ ತೂಗುವುದೋ ಎನ್ನುವಷ್ಟೇ ವ್ಯತ್ಯಾಸ ಎಂದು ನಾನು ಬಂದವರಿಗೆ ಹೇಳುತ್ತಿದ್ದೆ. ಇವುಗಳಲ್ಲಿ ಯಾವುದೂ ಕಳ್ಳ ಲೆಕ್ಕವಲ್ಲ. ಯಾವ ರೀತಿ ಹಿಡಿದಿದ್ದೇವೆ ಎಂದು ಕಾಗದದಲ್ಲಿ ಬರೆದರೆ ಮುಗಿಯಿತು.

ಈ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ ಎಂಬ ಜಂಬ ನನಗಿತ್ತು. ಆ ಜಂಬದಲ್ಲಿ ಒಬ್ಬರಿಗೆ ಸಿಗಬೇಕಾಗಿದ್ದ ಮನೆಯನ್ನು ತಪ್ಪಿಸಿದೆ. ಅವರು ನನಗೆ ಭಿನ್ನರಾಶಿ ಕಲಿಸಿದವರು.

ನಮ್ಮೂರು ಸೋಸಲೆಗೆ ಎರಡು ಮೈಲಿ. ಊರಿನ ಶಾಲೆಗೆ ಮಿಸ್ಸು ಬಂದಾಗ ನಾನು ಐದನೇ ಕ್ಲಾಸು. ಸಣ್ಣ ಅಂಚಿನ ಸೀರೆ, ಹೆಗಲಿಗೆ ಬಟ್ಟೆಚೀಲ, ಚೀಲದಲ್ಲಿ ಯಾವಾಗಲೂ ಎರಡು ಕೆಂಪು ಪೆನ್ನು. ಮದುವೆಯಾಗಿರಲಿಲ್ಲ. ಇಬ್ಬರು ತಮ್ಮಂದಿರನ್ನು ಓದಿಸುತ್ತಿದ್ದರು. ಹೊಡೆಯುತ್ತಿರಲಿಲ್ಲ, ಆದರೆ ಓದದೆ ಸಹಿ ಹಾಕಿಸಿಕೊಂಡು ಬಂದ ಪ್ರೋಗ್ರೆಸ್ ಕಾರ್ಡನ್ನು ತಿರುಗಿ ಮನೆಗೆ ಕಳಿಸುತ್ತಿದ್ದರು. "ಅಪ್ಪನಿಗೆ ಓದೋಕೆ ಬರದಿದ್ರೆ ನೀನು ಓದಿ ಹೇಳು. ಆಮೇಲೆ ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ" ಎನ್ನುತ್ತಿದ್ದರು. ನನ್ನ ಅಪ್ಪ ಕೂಲಿಯಿಂದ ಬಂದು ಕಾಲು ತೊಳೆದು ಕೂತು, ನಾನು ಓದಿದ ಅಂಕಗಳನ್ನೆಲ್ಲ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದ.

ಭಿನ್ನರಾಶಿ ಪಾಠಕ್ಕೆ ಮಿಸ್ಸು ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದರು. ಆರು ಮಕ್ಕಳನ್ನು ಗೆರೆಯ ಮೇಲ್ಗಡೆ ನಿಲ್ಲಿಸಿದರು, ಇಬ್ಬರನ್ನು ಕೆಳಗಡೆ. ಉತ್ತರ ಎಷ್ಟು? ಮೂರು ಮಿಸ್. "ಈಗ ಮೇಲಿಂದ ಒಬ್ಬರನ್ನ ಕೆಳಕ್ಕೆ ಕಳಿಸೋಣ. ಮೇಲೆ ಐದು, ಕೆಳಗೆ ಮೂರು. ನೋಡಿ, ಕಳಿಸಿದ್ದು ಒಬ್ಬರನ್ನೇ, ಉತ್ತರ ಎಷ್ಟೊಂದು ಇಳೀತು!" ನಮಗೆ ಅದು ಕಣ್ಕಟ್ಟಿನ ಹಾಗೆ ಕಂಡಿತ್ತು. ಕಳಿಸುವ ಮುಂಚೆ ಮಿಸ್ಸು ಬಗ್ಗಿ ಆ ಮಗುವನ್ನು ಕೇಳುತ್ತಿದ್ದರು, "ಹೋಗ್ತೀಯೇನಮ್ಮ?" ಅವರು ಮೊದಲು ಕೇಳಿದ್ದು ನನ್ನನ್ನೇ. ಕೆಳಗೆ ನಿಂತಿದ್ದ ಹುಡುಗಿಯ ಜೊತೆ ಹಿಂದಿನ ದಿನ ಜುಟ್ಟು ಹಿಡಿದು ಜಗಳವಾಗಿತ್ತು. "ನಾ ಓಗಲ್ಲ ಮಿಸ್" ಎಂದೆ. ಮಿಸ್ಸು ನಕ್ಕು ಪಕ್ಕದವಳನ್ನು ಕೇಳಿದರು. ಪಾಠಕ್ಕೆ ಏನೂ ಊನವಾಗಲಿಲ್ಲ.

ಮೂವತ್ತೆಂಟು ವರ್ಷದ ನೌಕರಿಯಲ್ಲಿ ಮಿಸ್ಸಿಗೆ ಏಳು ಊರಿಗೆ ವರ್ಗವಾಯಿತು. ಒಂಬತ್ತು ಬಾಡಿಗೆ ಮನೆ. ಬಾಡಿಗೆ ಕೇಳಲು ಹೋದಾಗ ಮನೆಯವರ ಮೊದಲ ಪ್ರಶ್ನೆ ನಿಮ್ಮ ಯಜಮಾನ್ರು ಏನು ಮಾಡ್ತಾರೆ ಎಂದಂತೆ. ಎರಡನೆಯದು, ನೀವು ಯಾವ ಜನ. ಮೊದಲನೆಯದಕ್ಕೆ ಹೇಗೋ ಉತ್ತರ ಹೇಳಿ ಮುಗಿಸಬಹುದಿತ್ತು, ಎರಡನೆಯದಕ್ಕೆ ಉತ್ತರ ಹೇಳಿದ ಮೇಲೆ ಸುಮಾರು ಮನೆಗಳನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿಬಿಟ್ಟಿರುತ್ತಿತ್ತು. ಸಿಕ್ಕಿದ ಮನೆಯಲ್ಲೂ ಕಟ್ಟಳೆ. ಬನ್ನೂರಿನ ಒಂದು ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವ ಹಾಗಿರಲಿಲ್ಲ. ಎರಡು ವರ್ಷ ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ದಾರದಲ್ಲಿ ಕಟ್ಟಿಕೊಂಡಿದ್ದರು, ಗಾಳಿ ಬಂದಾಗಲೆಲ್ಲ ಅದು ಮಗುಚಿಕೊಳ್ಳುತ್ತಿತ್ತು. "ರಿಟೈರ್ ಆದ್ಮೇಲೆ ನರಸೀಪುರದಲ್ಲಿ ಒಂದು ಪುಟ್ಟ ಮನೆ ತಗೋತೀನಿ ಕಣೆ. ಮೊಳೆ ಹೊಡೆಯೋಕೆ ಯಾರನ್ನೂ ಕೇಳ್ಬಾರ್ದು, ಅಂಥದ್ದು" ಎಂದು ನನ್ನ ಬಳಿ ಎಷ್ಟು ಸಲ ಹೇಳಿದ್ದರೋ.

ತಮ್ಮಂದಿರಿಬ್ಬರೂ ಅಷ್ಟರಲ್ಲಿ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣ ಕಂಪನಿ ಮಾಡಿದ್ದರು. ಕಾರ್ಖಾನೆಗಳಿಗೆ ರಟ್ಟಿನ ಪೆಟ್ಟಿಗೆ ಮಾಡಿಕೊಡುವ ಕೆಲಸ. ಅವರ ಕಡೆಯವರಲ್ಲಿ ಕಂಪನಿ ಎಂದು ಬೋರ್ಡು ಹಾಕಿದವರು ಅವರೇ ಮೊದಲಿಗರು, ಮಿಸ್ಸಿಗೆ ಅದರ ಹೆಮ್ಮೆ ಹೇಳತೀರದು. ನಿವೃತ್ತಿಯಾದಾಗ ಬಂದ ಹಣದಲ್ಲಿ ಇಪ್ಪತ್ತು ಲಕ್ಷವನ್ನು ಕಂಪನಿಗೆ ಸಾಲವಾಗಿ ಕೊಟ್ಟು, ನರಸೀಪುರದಲ್ಲಿ ಮಹಡಿ ಮೇಲಿನ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು ಮನೆ ಹುಡುಕುತ್ತಾ ಕೂತರು. "ಮನೆ ಸಿಕ್ಕಿದ್ ದಿನ ಯೋಳಕ್ಕ, ಅವತ್ತೇ ಎಣಿಸಿ ಕೊಡ್ತೀವಿ" ಎಂದು ತಮ್ಮಂದಿರು ಹೇಳಿದ್ದರು. ಸುಳ್ಳು ಹೇಳಿದ್ದಲ್ಲ, ಕೊಡುವ ಮನಸ್ಸು ಇದ್ದವರೇ. ಕಂಪನಿಯ ಲೆಕ್ಕ ಬರೆಯಲು ಅವರನ್ನು ನನ್ನ ಹತ್ತಿರ ಕಳಿಸಿದವರೂ ಮಿಸ್ಸೇ. ನನ್ನ ಶಿಷ್ಯೆ, ಲೆಕ್ಕದಲ್ಲಿ ಗಟ್ಟಿ, ಎಂದು ಹೇಳಿ ಕಳಿಸಿದ್ದರು.

ಒಂದು ವರ್ಷ ಕಳೆದು ತಮ್ಮಂದಿರಿಗೆ ಹೊಸ ಯಂತ್ರ ಬೇಕಾಯಿತು. ಬ್ಯಾಂಕಿಗೆ ಅರ್ಜಿ ಹಾಕುವ ಕೆಲಸ ನನ್ನದು. ಮ್ಯಾನೇಜರು ಫೋನಿನಲ್ಲಿ ಒಂದೇ ಮಾತು ಹೇಳಿದರು: "ಗೇರಿಂಗ್ ಎರಡರ ಮೇಲೆ ಹೋದ್ರೆ ಮೇಲಿನವರು ಫೈಲ್ ವಾಪಸ್ ಕಳಿಸ್ತಾರೆ ಮೇಡಂ, ನೋಡ್ಕೊಳ್ಳಿ."

ಕೂತು ಲೆಕ್ಕ ಹಾಕಿದೆ. ಕೇಳುತ್ತಿದ್ದ ಹೊಸ ಸಾಲ, ಓವರ್‌ಡ್ರಾಫ್ಟು ಎಲ್ಲ ಸೇರಿ ಬ್ಯಾಂಕಿನದು ಒಂದು ಕೋಟಿ. ಮಿಸ್ಸಿನದು ಇಪ್ಪತ್ತು ಲಕ್ಷ. ಒಟ್ಟು ಸಾಲ ಒಂದು ಕೋಟಿ ಇಪ್ಪತ್ತು ಲಕ್ಷ. ತಮ್ಮಂದಿರ ಸ್ವಂತ ಬಂಡವಾಳ, ಕಂಪನಿಯಲ್ಲೇ ಉಳಿಸಿದ ಲಾಭ ಎಲ್ಲ ಸೇರಿ ನಲವತ್ತು. ಭಾಗಿಸಿದರೆ ಮೂರು. ನೂರಕ್ಕೆಷ್ಟು ಎಂದು ನೋಡಿದರೆ ಎಪ್ಪತ್ತೈದು, ಅದೂ ಕಣ್ಣಿಗೆ ಹೊಡೆಯುವ ಹಾಗಿತ್ತು. ಓವರ್‌ಡ್ರಾಫ್ಟಿನ ಮೂವತ್ತು ಲಕ್ಷವನ್ನು ಬಿಟ್ಟು ನೋಡಿದೆ, ಎರಡೂಕಾಲು. ಖಾತೆಯಲ್ಲಿದ್ದ ನಗದನ್ನು ಕಳೆದೆ. ನಾಲ್ಕು ಲಕ್ಷ ಯಾವ ಮೂಲೆಗೆ? ಯಾವ ಬಾಗಿಲು ತಟ್ಟಿದರೂ ಎರಡರೊಳಕ್ಕೆ ಬರಲಿಲ್ಲ.

ನೇರವಾದ ದಾರಿ ಒಂದಿತ್ತು. ದೊಡ್ಡ ತಮ್ಮನಿಗೆ ಚಿಕ್ಕಯ್ಯನಛತ್ರದ ಕಡೆ ಒಂದು ಸೈಟಿತ್ತು. ಅದನ್ನು ಮಾರಿ ಇಪ್ಪತ್ತು ಲಕ್ಷವನ್ನು ಬಂಡವಾಳವಾಗಿ ಹಾಕಿದರೆ ಒಂದು ಕೋಟಿ ಇಪ್ಪತ್ತಕ್ಕೆ ಅರವತ್ತು, ಸರಿಯಾಗಿ ಎರಡು. ಹೇಳಿದೆ. ಅಣ್ಣ ತಮ್ಮ ಮುಖಮುಖ ನೋಡಿಕೊಂಡರು.

"ಅದು ಮಗಳ ಮದ್ವೆಗೆ ಅಂತ ಮಡಗಿರೋದು ಮೇಡಂ" ಎಂದರು ದೊಡ್ಡವರು. "ಬ್ಯಾರೆ ಏನಾರ ದಾರಿ ಇದ್ರೆ ನೋಡಿ. ನಿಮ್ಗೆ ಗೊತ್ತಿಲ್ದೆ ಇರೋದಾ!"

ನಿಮಗೆ ಗೊತ್ತಿಲ್ಲದೆ ಇರುವುದಾ ಎಂದ ತಕ್ಷಣ ಉಬ್ಬಿಹೋದೆ. ನನ್ನ ಮೆಟ್ಟಿಲ ಮೇಲೆ ಎಲೆಅಡಿಕೆ ಉಗಿದವರನ್ನು ಬೀದಿಗೆ ಕೇಳುವ ಹಾಗೆ ಬೈಯುವ ಹೆಂಗಸು ನಾನು. ಅವತ್ತು ಆ ಇಬ್ಬರಿಗೆ, ಸೈಟು ಮಾರಿ, ಇಲ್ಲದಿದ್ದರೆ ಸಣ್ಣ ಯಂತ್ರ ತಗೊಳ್ಳಿ, ಎಂದು ಗದರುವುದಕ್ಕೆ ನನಗೆ ಬಾಯಿ ಬರಲಿಲ್ಲ.

ಬೇರೆ ದಾರಿ ನನಗೆ ಗೊತ್ತಿತ್ತು. ಕಂಪನಿ ಮಾಲೀಕರ ಮನೆಯವರು ಕೊಟ್ಟ ಸಾಲವನ್ನು, ಅವರು ಬ್ಯಾಂಕಿನ ಸಾಲ ತೀರುವವರೆಗೆ ವಾಪಸು ಕೇಳುವುದಿಲ್ಲ ಎಂದು ಬರೆದುಕೊಟ್ಟರೆ, ಬ್ಯಾಂಕಿನವರು ಬಂಡವಾಳದ ಜೊತೆ ಸೇರಿಸಿ ಎಣಿಸುತ್ತಾರೆ. ನ್ಯಾಯವಾಗಿ ಒಪ್ಪಿತವಾದ ಪದ್ಧತಿ. ಬಂಡವಾಳದ ಹಾಗೆ, ಆದರೆ ಬಂಡವಾಳವಲ್ಲ. ಲಾಭ ಬಂದರೆ ಅದರಲ್ಲಿ ಅವರಿಗೆ ಪಾಲಿಲ್ಲ, ಬೇಕೆಂದಾಗ ಹಣವೂ ಇಲ್ಲ. ಮಿಸ್ಸಿನ ಇಪ್ಪತ್ತು ಲಕ್ಷವನ್ನು ಮೇಲಿಂದ ತೆಗೆದು ಕೆಳಗೆ ಇಟ್ಟೆ. ಮೇಲೆ ನೂರು, ಕೆಳಗೆ ಅರವತ್ತು. ಒಂದೂಮುಕ್ಕಾಲಿಗಿಂತ ಚೂರು ಕಡಿಮೆ. ಪೆನ್ನು ಕೆಳಗಿಟ್ಟು ನಾನೇ ನಕ್ಕೆ. ನನಗೆ ಶಾಲೆಯ ನೆಲದ ಗೆರೆ ನೆನಪಾದದ್ದೂ ನಿಜ. ಆರಕ್ಕೆ ಎರಡು, ಐದಕ್ಕೆ ಮೂರು, ಅದೇ ಲೆಕ್ಕ! ಮಿಸ್ಸು ನೋಡಿದರೆ ಖುಷಿಪಡುತ್ತಾರೆ ಅಂದುಕೊಂಡೆ.

ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಿಸಲು ನಾನೇ ನರಸೀಪುರಕ್ಕೆ ಬಸ್ಸು ಹತ್ತಿದೆ. ತಮ್ಮಂದಿರೇ ಹೋಗಬಹುದಿತ್ತು. "ನೀವು ವೋದ್ರೆ ಅಕ್ಕ ಒಂದ್ ಮಾತೂ ಕೇಳಲ್ಲ" ಎಂದರು, ನಾನು ಅದನ್ನು ಮರ್ಯಾದೆ ಎಂದೇ ತಿಳಿದೆ. ಮಿಸ್ಸು ಕಡ್ಲೆಪುರಿಗೆ ಈರುಳ್ಳಿ ಹೆಚ್ಚಿ ಹಾಕಿ ಕೊಟ್ಟರು, ಕಾಫಿ ಕೊಟ್ಟರು, ಮನೆ ನೋಡಿದ ಕತೆಯೆಲ್ಲ ಹೇಳಿದರು. ಒಂದು ಮನೆಗೆ ಕತ್ತಲೆ, ಇನ್ನೊಂದಕ್ಕೆ ನೀರಿಲ್ಲ, ಮತ್ತೊಂದರ ಮಾಲೀಕ ದಲ್ಲಾಳಿಗಿಂತ ಕಡೆ. ಕೇಳುತ್ತಾ ನಗುತ್ತಾ ಹೊತ್ತು ಹೋದದ್ದು ತಿಳಿಯಲಿಲ್ಲ. ಗಡಿಯಾರ ನೋಡಿದರೆ ಐದಾಗಿತ್ತು. ಕಾಗದ ತೆಗೆದು ಮುಂದಿಟ್ಟೆ. ಎರಡು ಪುಟ, ಇಂಗ್ಲಿಷು, ಸಣ್ಣ ಅಕ್ಷರ.

"ಏನಿದು?"

"ಬ್ಯಾಂಕಿನ ಫಾರ್ಮಾಲಿಟಿ ಮಿಸ್. ಲೋನಿಗೆ ಬೇಕಂತೆ."

ಮಿಸ್ಸು ಕನ್ನಡಕದ ಡಬ್ಬಿ ತೆಗೆದರು. ಕನ್ನಡಕ ಹಾಕಿಕೊಂಡು ಮೊದಲ ಸಾಲಿನ ಕೆಳಗೆ ಬೆರಳಿಟ್ಟರು. ಅವರಿಗೆ ಇಂಗ್ಲಿಷು ಬರುತ್ತಿತ್ತು, ಆದರೆ ಬೆರಳಿಟ್ಟು ಓದಬೇಕಿತ್ತು. ಎರಡು ಪುಟಕ್ಕೆ ಅರ್ಧ ಗಂಟೆಯಾದರೂ ಬೇಕು.

"ಐದೂಕಾಲಿಗೆ ಬಸ್ಸು ಮಿಸ್" ಎಂದೆ ನಾನು.

ಅವರು ತಲೆಯೆತ್ತಿ ನನ್ನ ಮುಖ ನೋಡಿದರು. "ಹೌದಲ್ವಾ. ನೀನೇ ತಂದಿದ್ದೀಯಲ್ಲ, ಇನ್ನೇನು" ಎಂದು ಕನ್ನಡಕವನ್ನು ಡಬ್ಬಿಯೊಳಗಿಟ್ಟು, ನಾನು ಬೆರಳು ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು. ಓದದೆ ಹಾಕಿದ ಸಹಿಯನ್ನು ಮನೆಗೆ ತಿರುಗಿಸಿ ಕಳಿಸುತ್ತಿದ್ದ ಮಿಸ್ಸು. ನನ್ನ ಅಪ್ಪನಿಗೆ ನಾನು ಓದಿ ಹೇಳುತ್ತಿದ್ದಷ್ಟನ್ನೂ ಅವರಿಗೆ ಓದಿ ಹೇಳಲಿಲ್ಲ. ಓಡಿ ಹೋಗಿ ಬಸ್ಸು ಹಿಡಿದೆ, ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಹಿಗ್ಗಿದೆ.

ಸಾಲ ಮಂಜೂರಾಯಿತು. ತಮ್ಮಂದಿರು ಅರ್ಧ ಕೇಜಿ ಮೈಸೂರುಪಾಕು ತಂದುಕೊಟ್ಟರು. ಚೆನ್ನಾಗಿತ್ತು, ತಿಂದೆ.

ಎರಡು ವರ್ಷದ ಮೇಲೆ ಮಿಸ್ಸಿಗೆ ಮನೆ ಸಿಕ್ಕಿತು. ಫೋನಿನಲ್ಲಿ ಅವರ ದನಿ ಶಾಲೆಯ ಹುಡುಗಿಯದರ ಹಾಗಿತ್ತು. ಎರಡು ಕೋಣೆ, ಮುಂದೆ ಮೂರು ಮೆಟ್ಟಿಲು, ಹಿತ್ತಲಲ್ಲಿ ನಿಂಬೆಗಿಡ, ಹೊಳೆ ಕಡೆಯಿಂದ ಗಾಳಿ. ಮಾರುವವರೂ ನಿವೃತ್ತ ಮೇಷ್ಟರು, ಮಗಳ ಊರಿಗೆ ಹೊರಟಿದ್ದವರು. ಯಜಮಾನರ ವಿಷಯವನ್ನೂ ಕೇಳಲಿಲ್ಲ, ಯಾವ ಜನ ಎಂದೂ ಕೇಳಲಿಲ್ಲ. ಹದಿನೆಂಟು ಲಕ್ಷಕ್ಕೆ ಒಪ್ಪಿ, ಒಂದು ತಿಂಗಳು ಟೈಮು ಕೊಟ್ಟಿದ್ದರು. "ಗೋಡೆಗಳನ್ನ ನೋಡ್ಕೊಂಡು ಬಂದೆ ಕಣೆ. ಕ್ಯಾಲೆಂಡರ್ ಎಲ್ಲಿ ಹಾಕ್ಬೇಕು ಅಂತಾನೂ ನೋಡಿದೆ" ಎಂದರು.

ನನಗೆ ಬ್ಯಾಂಕಿನ ಕಾಗದ ನೆನಪಾಯಿತು. ಒಳ್ಳೆಯದಾಯಿತು ಮಿಸ್, ಎಂದೆ.

ತಮ್ಮಂದಿರು ಮಾತಿಗೆ ತಪ್ಪಲಿಲ್ಲ. ಮಾರನೇ ದಿನ ಬೆಳಿಗ್ಗೆಯೇ ಬಂದರು. "ಅಕ್ಕನ್ ದುಡ್ಡು ಕೊಟ್ಬುಡವ ಮೇಡಂ, ಚೆಕ್ ಬರೀರಿ" ಎಂದರು. ಕಂಪನಿ ಖಾತೆಯಲ್ಲಿ ಅಷ್ಟು ಹಣವೂ ಇತ್ತು. ಕೊಡುವ ಹಾಗಿಲ್ಲ ಎಂದು ನಾನು ಹೇಳಬೇಕಾಯಿತು. ಬ್ಯಾಂಕಿಗೆ ಬರೆದುಕೊಟ್ಟ ಕಾಗದವಿದೆ, ಏಳು ವರ್ಷದ ಸಾಲ, ಇನ್ನೂ ಐದು ವರ್ಷ ಬಾಕಿ. ದೊಡ್ಡವರು ನನ್ನನ್ನೇ ನೋಡುತ್ತಾ ಕೂತರು. "ಇದನ್ನ ಅವತ್ತು ನಮ್ಗೆ ಬುಡಿಸಿ ಯೋಳ್ಲಿಲ್ವಲ್ಲ ನೀವು" ಎಂದರು. ಹೇಳಿದ್ದೆ. ಇಂಗ್ಲಿಷು ಪದಗಳಲ್ಲಿ, ಗಡಿಬಿಡಿಯಲ್ಲಿ, ಅವರು ತಲೆಯಾಡಿಸಿದ್ದನ್ನು ಅರ್ಥವಾಯಿತು ಎಂದುಕೊಂಡು ಹೇಳಿದ್ದೆ. ಹಾಗೆ ಹೇಳುವುದು ಹೇಳದೆ ಇದ್ದ ಹಾಗೆಯೇ. ಸೈಟು ಅಷ್ಟರಲ್ಲಿ ಮಗಳ ಮದುವೆಗೆ ಕರಗಿತ್ತು.

ಬ್ಯಾಂಕಿಗೆ ಹೋಗಿ ಬೇಡಿಕೊಂಡೆ. ನಾನು ಯಾರ ಮುಂದೂ ಬೇಡುವವಳಲ್ಲ, ಅವತ್ತು ಬೇಡಿದೆ. ಮ್ಯಾನೇಜರು ಫೈಲು ತರಿಸಿ, ನಾನೇ ಟೈಪು ಮಾಡಿದ್ದ ಪುಟವನ್ನು ನನ್ನ ಕಡೆ ತಿರುಗಿಸಿಟ್ಟರು. "ನಿಮ್ಮದೇ ಲೆಕ್ಕ ಮೇಡಂ. ಆ ಇಪ್ಪತ್ತು ಲಕ್ಷ ಬಂಡವಾಳದ ಜೊತೆ ಇರುತ್ತೆ ಅಂತಾನೇ ನಾವು ಸಾಲ ಕೊಟ್ಟಿದ್ದು. ಈಗ ತೆಗೆದ್ರೆ ಹೇಗೆ?" ಅವರು ಒರಟಾಗಿ ಹೇಳಲಿಲ್ಲ. ಹೊರಗೆ ಬಂದು, ಅರವತ್ತು ದಾಟಿದ ಒಂಟಿ ಹೆಂಗಸಿಗೆ ಮನೆ ಸಾಲ ಕೊಡುವವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಮೂರು ಕಡೆ ವಿಚಾರಿಸಿದೆ. ಇರಲಿಲ್ಲ.

ಮಿಸ್ಸಿಗೆ ನಾನೇ ಫೋನು ಮಾಡಿ ಹೇಳಿದೆ. ಎದುರಿಗೆ ಹೋಗಿ ಹೇಳುವ ಧೈರ್ಯ ಬರಲಿಲ್ಲ. ಮತ್ತೆ ಅದೇ ಇಂಗ್ಲಿಷು ಪದಗಳನ್ನು ಸುರಿದೆ, ನಿಯಮ, ಒಪ್ಪಂದ, ಬ್ಯಾಂಕಿನವರು. ಅವರು ಹೂಂ, ಹೂಂ ಅನ್ನುತ್ತಿದ್ದರು. ಕೊನೆಗೆ, "ಸರಿ ಬಿಡಮ್ಮ. ಮೇಷ್ಟ್ರಿಗೆ ಇವತ್ತೇ ಹೇಳ್ತೀನಿ, ಪಾಪ ಅವರು ಕಾಯ್ತಿರ್ತಾರೆ" ಎಂದು ಫೋನಿಟ್ಟರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆ ಮನೆಯನ್ನು ತೆಗೆದುಕೊಂಡವರು ಮುಂದಿನ ಕೋಣೆಯ ಗೋಡೆ ಒಡೆದು ಶಟರ್ ಇಟ್ಟು, ಸಿಮೆಂಟು ಅಂಗಡಿ ಮಾಡಿದರು. ನರಸೀಪುರದ ಬೇರೆ ಕೆಲಸಕ್ಕೆ ಹೋದಾಗಲೂ ನಾನು ಆ ಬೀದಿಯಲ್ಲಿ ಹಾದುಹೋಗುವುದಿಲ್ಲ.

ಹೋದ ತಿಂಗಳು ಬ್ಯಾಂಕಿನ ಸಾಲ ತೀರಿತು. ತಮ್ಮಂದಿರು ಒಂದು ದಿನವೂ ತಡಮಾಡದೆ ಮಿಸ್ಸಿಗೆ ಇಪ್ಪತ್ತು ಲಕ್ಷದ ಚೆಕ್ಕು ಬರೆದರು. ಅದನ್ನು ನಾನೇ ಕೊಟ್ಟು ಬರುತ್ತೇನೆ ಎಂದು ಇಸಿದುಕೊಂಡೆ. ಅವರ ಹಣಕ್ಕೆ ನರಸೀಪುರದಲ್ಲಿ ಈಗ ಅಂಥ ಅರ್ಧ ಮನೆಯೂ ಬರುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ಅದೇ ಮಹಡಿ ಮೇಲಿನ ಕೋಣೆ. ಮೆಟ್ಟಿಲು ಹತ್ತಲು ಈಗ ಅವರಿಗೆ ಎರಡು ಕಡೆ ನಿಲ್ಲಬೇಕು. ಕ್ಯಾಲೆಂಡರು ಕಿಟಕಿಯ ಸರಳಿಗೆ ಕಟ್ಟಿತ್ತು. ಚೆಕ್ಕನ್ನು ನೋಡಿ ಪುಸ್ತಕವೊಂದರ ನಡುವೆ ಇಟ್ಟರು.

"ಅದೇನು ಲೆಕ್ಕ ಅಂತ ಈಗಾದ್ರೂ ಹೇಳಿಕೊಡು" ಎಂದರು. "ಅವತ್ತು ಫೋನಲ್ಲಿ ನಂಗೆ ಒಂದೂ ತಿಳೀಲಿಲ್ಲ."

ಲಕೋಟೆಯ ಹಿಂಬದಿಯಲ್ಲಿ ಗೆರೆ ಎಳೆದು ಬರೆದು ತೋರಿಸಿದೆ. ಈ ಸಲ ಕನ್ನಡದಲ್ಲಿ, ನಿಧಾನವಾಗಿ. ಸಾಲ ಮೇಲೆ, ಬಂಡವಾಳ ಕೆಳಗೆ. ನೂರಿಪ್ಪತ್ತಕ್ಕೆ ನಲವತ್ತು. ನಿಮ್ಮ ಇಪ್ಪತ್ತನ್ನು ಮೇಲಿಂದ ಕೆಳಕ್ಕೆ ತಂದೆ ಮಿಸ್. ಮಿಸ್ಸು ಕನ್ನಡಕ ಹಾಕಿಕೊಂಡು ಬೆರಳಿಟ್ಟು ನೋಡಿದರು. ಸೊನ್ನೆಗಳನ್ನು ಹೊಡೆದು ಹಾಕಿ, ಎರಡರಿಂದ ಭಾಗಿಸಿ, ಪಕ್ಕದಲ್ಲಿ ಬರೆದರು. ಆರು, ಎರಡು. ಐದು, ಮೂರು.

"ಲೆಕ್ಕ ಸರಿಯಾಗಿದೆ" ಎಂದು, ಅಭ್ಯಾಸಬಲದಿಂದ ಅದರ ಮುಂದೆ ಒಂದು ಸರಿ ಗುರುತು ಹಾಕಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತಾ, "ಅವತ್ತು ಕ್ಲಾಸಲ್ಲಿ ನೀನು ಕೆಳಕ್ಕೆ ಹೋಗಲ್ಲ ಅಂದಿದ್ದೆ, ನೆನಪಿದೆಯಾ? ನಾನು ಬಿಟ್ಟೆ" ಎಂದರು. "ನನ್ನನ್ನೂ ಒಂದು ಮಾತು ಕೇಳಬಹುದಿತ್ತು ಮಗ."

ತಪ್ಪಾಯಿತು ಮಿಸ್, ಎಂದೆ. ಅಷ್ಟು ಹೇಳುವುದಕ್ಕೆ ಏಳು ವರ್ಷ ಬೇಕಾಯಿತು. ಅವರು ಎದ್ದು ಕಾಫಿಗೆ ನೀರಿಟ್ಟರು.

ಐದೂಕಾಲಿನ ಬಸ್ಸು ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಅದರ ಹಿಂದೆ ಆರು ಗಂಟೆಗೆ ನಂಜನಗೂಡಿಗೆ ಇನ್ನೊಂದು ಬಸ್ಸಿದೆ. ಸಹಿ ಹಾಕಿಸಿಕೊಂಡ ದಿನವೂ ಅದು ಇತ್ತು.